ಬರಿಗಾಲಲ್ಲಿ ಗುಡ್ಡ ಹತ್ತುವ ಮುನ್ನ: ಕಲಬುರಗಿ, ಬೀದರ್, ಯಾದಗಿರಿಯವರಿಗೊಂದು ಮಾರ್ಗದರ್ಶಿ

ದೀಪಾವಳಿ ಮುಗಿದು ಬೆಳಗಿನ ಚಳಿ ಶುರುವಾದರೆ ಸಾಕು, ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಭಾನುವಾರ ಯಾದಗಿರಿ ಕೋಟೆ ಗುಡ್ಡಕ್ಕೆ ಹೊರಟಿದ್ದೇವೆ, ಚಪ್ಪಲಿ ಬಿಟ್ಟು ನಡೆಯಬಹುದಾ?" "ಚಿಂಚೋಳಿ ಕಾಡಿನಲ್ಲಿ ಬರಿಗಾಲಲ್ಲಿ ಓಡಾಡಬಹುದಾ?" ನಡೆಯಬಹುದು. ಆದರೆ ಈ ಭಾನುವಾರ ಬೇಡ, ಎರಡು ತಿಂಗಳು ಬಿಟ್ಟು ಬರುವ ಭಾನುವಾರಕ್ಕೆ ಇಟ್ಟುಕೊಳ್ಳಿ. ಈ ಎರಡು ತಿಂಗಳಲ್ಲಿ ಏನು ಮಾಡಬೇಕು, ಆಮೇಲೆ ಗುಡ್ಡದಲ್ಲಿ ಹೇಗೆ ನಡೆಯಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

"ನಮ್ಮ ಅಜ್ಜ ಜೀವಮಾನವಿಡೀ ಬರಿಗಾಲಲ್ಲೇ ಹೊಲ ಸುತ್ತಿದರು" ಎಂದು ಹಲವರು ಬರೆಯುತ್ತಾರೆ. ನಿಜ. ಆದರೆ ಅಜ್ಜನ ಕಾಲು ಅಂಬೆಗಾಲು ಬಿಟ್ಟ ದಿನದಿಂದಲೇ ಮಣ್ಣಿನಲ್ಲಿ ಬೆಳೆದದ್ದು, ನಮ್ಮದು ಶಾಲೆಯ ಬೂಟಿನಲ್ಲಿ ಬೆಳೆದದ್ದು. ಶೀಗಿ ಹುಣ್ಣಿಮೆಗೆ ತುಳಜಾಪುರಕ್ಕೆ, ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಬರಿಗಾಲಲ್ಲಿ ಹೋಗುವವರನ್ನು ನೋಡಿ ನಾನೂ ಒಂದು ವರ್ಷ ಯಾವ ತಯಾರಿಯೂ ಇಲ್ಲದೆ ತುಳಜಾಪುರದ ದಾರಿ ಹಿಡಿದಿದ್ದೆ. ಎರಡನೆಯ ದಿನ ಡಾಂಬರಿನ ಕಾವಿಗೆ ಎರಡೂ ಅಂಗಾಲಲ್ಲಿ ಗುಳ್ಳೆ ಎದ್ದು, ದಾಸೋಹದ ಪೆಂಡಾಲಿನಲ್ಲೇ ಕುಳಿತುಬಿಟ್ಟೆ. ಭಕ್ತಿಗೆ ಕೊರತೆ ಇರಲಿಲ್ಲ, ಚರ್ಮ ಸಿದ್ಧವಾಗಿರಲಿಲ್ಲ.

1. ಮೊದಲು ನಿಮ್ಮ ಕಾಲು ನೋಡಿಕೊಳ್ಳಿ

ಸಕ್ಕರೆ ಕಾಯಿಲೆ ಇರುವವರು ಬರಿಗಾಲಲ್ಲಿ ಗುಡ್ಡ ಹತ್ತುವ ವಿಚಾರವನ್ನೇ ಬಿಡಿ. ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಇದ್ದವರಲ್ಲಿ ಪಾದದ ನರಗಳು ಸೊರಗಿ ಸ್ಪರ್ಶ ಮಂಕಾಗುತ್ತದೆ. ವೈದ್ಯರು ಇದಕ್ಕೆ ನ್ಯೂರೋಪಥಿ ಎನ್ನುತ್ತಾರೆ. ಮುಳ್ಳು ಹೊಕ್ಕರೂ ಗೊತ್ತಾಗುವುದಿಲ್ಲ, ಗಾಯ ಬೇಗ ಮಾಯುವುದಿಲ್ಲ, ಕೊನೆಗೆ ಬೆರಳು ಕತ್ತರಿಸುವ ಹಂತಕ್ಕೂ ಹೋಗಬಹುದು. ಕಾಲಿಗೆ ರಕ್ತ ಸಂಚಾರ ಕಡಿಮೆ ಇರುವವರಿಗೂ, ಅಂಗಾಲು ಜುಮುಗುಡುವವರಿಗೂ ಇದೇ ಮಾತು. ನಲವತ್ತು ದಾಟಿದ್ದು ಈವರೆಗೆ ರಕ್ತದ ಸಕ್ಕರೆ ನೋಡಿಸಿಲ್ಲದಿದ್ದರೆ ಮೊದಲು ನೋಡಿಸಿ.

ಉಳಿದವರು ಮೂರು ಕೆಲಸ ಮಾಡಿ. ಹಿಮ್ಮಡಿಯಲ್ಲಿ ಬಿರುಕಿದ್ದರೆ ರಾತ್ರಿ ಕಾಲು ತೊಳೆದು, ಒರೆಸಿ, ಕೊಬ್ಬರಿ ಎಣ್ಣೆಯೋ ವ್ಯಾಸಲಿನ್ನೋ ಹಚ್ಚಿ ಮೊದಲು ವಾಸಿ ಮಾಡಿಕೊಳ್ಳಿ, ಏಕೆಂದರೆ ಕೊಳೆ ಒಳಗೆ ಹೋಗುವುದು ಆ ಬಿರುಕಿನಿಂದಲೇ. ಉಗುರನ್ನು ನೇರವಾಗಿ, ಗಿಡ್ಡವಾಗಿ ಕತ್ತರಿಸಿ. ಮೂರನೆಯದು ಧನುರ್ವಾಯುವಿನ ಚುಚ್ಚುಮದ್ದು, ಅಂದರೆ ಟಿ.ಟಿ. ಇಂಜೆಕ್ಷನ್. ಈಗ ಟಿ.ಡಿ. ಎಂಬ ಹೆಸರಿನಲ್ಲಿ ಕೊಡುತ್ತಾರೆ. ಕೊನೆಯ ಬಾರಿ ತೆಗೆದುಕೊಂಡು 10 ವರ್ಷ ಆಗಿದ್ದರೆ ಹೊಸದಾಗಿ ಹಾಕಿಸಿಕೊಳ್ಳಿ. ಮಣ್ಣು ಹೊಕ್ಕ ಆಳವಾದ ಗಾಯವಾದರೆ, 5 ವರ್ಷ ದಾಟಿದ್ದರೂ ಮತ್ತೊಂದು ಬೇಕಾಗುತ್ತದೆ.

2. ಎಂಟು ವಾರದ ಅಭ್ಯಾಸ

ಜನ ಚರ್ಮದ ಬಗ್ಗೆಯೇ ಚಿಂತೆ ಮಾಡುತ್ತಾರೆ. ಚರ್ಮ ಮೂರ್ನಾಲ್ಕು ವಾರದಲ್ಲಿ ಗಟ್ಟಿಯಾಗಲು ಶುರುವಾಗುತ್ತದೆ. ತಡವಾಗುವುದು ಒಳಗಿನ ಎಲುಬಿಗೆ ಮತ್ತು ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುಗಳಿಗೆ. ಒಂದೊಂದು ಪಾದದಲ್ಲಿ 26 ಎಲುಬುಗಳಿವೆ. ದಪ್ಪ ಅಟ್ಟೆಯ ಬೂಟು ಇಷ್ಟು ದಿನ ಹೊತ್ತ ಭಾರ ಈಗ ಇವುಗಳ ಮೇಲೂ ಮೀನಖಂಡದ ಮೇಲೂ ಬೀಳುತ್ತದೆ. ಚರ್ಮ ಗಟ್ಟಿಯಾಯಿತೆಂದು ಒಮ್ಮೆಲೇ ಎಂಟು ಕಿಲೋಮೀಟರ್ ನಡೆದವರಿಗೆ ಪಾದದ ಮುಂಭಾಗದ ಉದ್ದ ಎಲುಬಿನಲ್ಲಿ ಕೂದಲೆಳೆಯಷ್ಟು ಸೀಳು ಬಿಡಬಹುದು. ಇದಕ್ಕೆ ಸ್ಟ್ರೆಸ್ ಫ್ರ್ಯಾಕ್ಚರ್ ಎಂದು ಹೆಸರು. ಪಾದದ ಮೇಲೆ ಬೆರಳಿಟ್ಟು ತೋರಿಸುವಂಥ ಒಂದೇ ಜಾಗದಲ್ಲಿ ನೋವು, ಸ್ವಲ್ಪ ಊತ ಇದರ ಗುರುತು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲೂ ಇದು ಕಾಣದೆ ಹೋಗಬಹುದು. "ಎಕ್ಸ್‌ರೇ ಚೆನ್ನಾಗಿದೆ" ಎಂದು ಮತ್ತೆ ನಡೆಯಲು ಹೋಗಬೇಡಿ, ವೈದ್ಯರು ಹೇಳುವವರೆಗೆ ಕಾಲಿಗೆ ವಿಶ್ರಾಂತಿ ಕೊಡಿ.

ಒಂದು, ಎರಡನೇ ವಾರ: ಮನೆಯ ಪರಸಿ ನೆಲ, ಅಂಗಳ, ಮಾಳಿಗೆ. ದಿನಕ್ಕೆ 10ರಿಂದ 15 ನಿಮಿಷ. ಮನೆಯೊಳಗೆ ಹೇಗೂ ಬರಿಗಾಲಲ್ಲೇ ಇರುತ್ತೇವಲ್ಲ ಎನ್ನಬೇಡಿ. ಇಲ್ಲಿ ಕೆಲಸ ಬೇರೆ: ನಿಲ್ಲದೆ ನಡೆಯಬೇಕು, ಹೆಜ್ಜೆಯ ಸದ್ದು ಕೇಳಿಸಬಾರದು.

ಮೂರು, ನಾಲ್ಕನೇ ವಾರ: ಹುಲ್ಲು, ಮೆತ್ತನೆಯ ಮಣ್ಣು. ಕಲಬುರಗಿಯವರಿಗೆ ಅಪ್ಪನ ಕೆರೆಯ ಸುತ್ತಿನ ಉದ್ಯಾನ ಸಾಕು. 20ರಿಂದ 30 ನಿಮಿಷ, ವಾರಕ್ಕೆ ನಾಲ್ಕು ದಿನ.

ಐದು, ಆರನೇ ವಾರ: ಗರಸಿನ ರಸ್ತೆ. ಮೊರಂ ಎಂದು ಕಂತ್ರಾಟುದಾರರು ಹಾಕಿಸುವ ಕೆಂಪು ಹರಳುಮಣ್ಣೂ ಆದೀತು. ಇಲ್ಲಿ ನಿಜವಾಗಿ ಚುಚ್ಚುತ್ತದೆ. ಮೊದಲ ದಿನ ಅರ್ಧ ಕಿಲೋಮೀಟರ್ ಸಾಕು.

ಏಳು, ಎಂಟನೇ ವಾರ: ಊರ ಹತ್ತಿರದ ಯಾವುದಾದರೂ ಮರಡಿ, ಅಂದರೆ ಕಲ್ಲುಗುಡ್ಡ. ಹತ್ತುವಾಗ ಬರಿಗಾಲು, ಇಳಿಯುವಾಗ ಚಪ್ಪಲಿ. ಮೊಣಕಾಲಿಗೂ ಅಂಗಾಲಿಗೂ ಪೆಟ್ಟು ಹೆಚ್ಚು ಬೀಳುವುದು ಇಳಿಜಾರಿನಲ್ಲಿ.

ಮುಂದಿನ ಹಂತಕ್ಕೆ ಹೋಗಲು ಒಂದೇ ಪರೀಕ್ಷೆ ಇದೆ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಟ್ಟ ಮೊದಲ ಹೆಜ್ಜೆ ನೋಯಬಾರದು. ನೋಯಿತೆಂದರೆ ಅದೇ ಹಂತದಲ್ಲಿ ಇನ್ನೊಂದು ವಾರ ಇರಿ.

ಅಂಗಾಲು ದಪ್ಪವಾದರೆ ಸ್ಪರ್ಶ ಸತ್ತುಹೋಗುತ್ತದೆ ಎಂಬ ಭಯ ಬೇಡ. 2019ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ, ಮುಖ್ಯವಾಗಿ ಕೆನ್ಯಾದ ಜನರನ್ನು ಪರೀಕ್ಷಿಸಿದ ಅಧ್ಯಯನದಲ್ಲಿ, ಬರಿಗಾಲಿನವರ ದಪ್ಪ ಚರ್ಮದಿಂದ ನಡೆಯುವಾಗಿನ ಸ್ಪರ್ಶಜ್ಞಾನ ಕುಂದಿಲ್ಲ ಎಂದು ಕಂಡುಬಂತು. ಆದ್ದರಿಂದ ಗಟ್ಟಿಯಾದ ಚರ್ಮವನ್ನು ಕಲ್ಲಿನಿಂದ ಉಜ್ಜಿ ಉಜ್ಜಿ ತೆಗೆಯಬೇಡಿ. ಅಂಚು ಎದ್ದಿದ್ದರೆ ಮಾತ್ರ ಸಮ ಮಾಡಿ.

3. ನೆಲ ಓದುವುದನ್ನು ಕಲಿಯಿರಿ

ಬೇರೆ ಊರಿನವರು ಬರೆದ ಬರಿಗಾಲಿನ ಸಲಹೆಗಳು ನಮಗೆ ಅರ್ಧ ಮಾತ್ರ ಉಪಯೋಗವಾಗುತ್ತವೆ, ಕಾರಣ ನಮ್ಮ ನೆಲ. ಮೂರು ಜಿಲ್ಲೆಗಳಲ್ಲಿ ನಾಲ್ಕೈದು ಬಗೆಯ ನೆಲ ಇದೆ, ಒಂದೊಂದರ ಗುಣ ಒಂದೊಂದು. ಒಂದೇ ದಿನದ ದಾರಿಯಲ್ಲಿ ಎರಡು ಮೂರು ಬಗೆ ಸಿಗುವುದೂ ಉಂಟು.

ಎರೆ ಮಣ್ಣು. ಕಲಬುರಗಿ ಸುತ್ತಲಿನ ಕರಿ ನೆಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾದ ಕಲ್ಲು ಸವೆದು ಆದದ್ದು. ಹದವಾಗಿ ಒಣಗಿದಾಗ ಇದಕ್ಕಿಂತ ಸುಖದ ನೆಲ ಇಲ್ಲ. ಎಳ್ಳಮಾವಾಸ್ಯೆಗೆ ಬರಿಗಾಲಲ್ಲಿ ಹೊಲ ಸುತ್ತಿ ಚರಗ ಚೆಲ್ಲಿದವರಿಗೆ ಆ ತಂಪು ಗೊತ್ತು. ಮಳೆ ಬಿದ್ದರೆ ಕಾಲಿಗೆ ಮೆತ್ತಿ ಹೆಜ್ಜೆ ಹೆಜ್ಜೆಗೂ ಭಾರವಾಗುತ್ತದೆ, ಜಾರುತ್ತದೆ. ಬೇಸಿಗೆಯಲ್ಲಿ ಬಾಯಿ ಬಿಟ್ಟ ಬಿರುಕಿನಲ್ಲಿ ಪಾದ ಸಿಕ್ಕಿ ಹರಡು ಉಳುಕುತ್ತದೆ. ಆದರೆ ಚಳಿಗಾಲದಲ್ಲಿ ಎರೆ ಹೊಲದ ದೊಡ್ಡ ಅಪಾಯ ತೊಗರಿಯ ಕೂಳೆ. ನಮ್ಮಲ್ಲಿ ತೊಗರಿ ಕೊಯ್ಲು ನಡೆಯುವುದು ಡಿಸೆಂಬರ್, ಜನವರಿಯಲ್ಲಿ, ಅಂದರೆ ನಡಿಗೆಯ ಕಾಲದಲ್ಲೇ. ಕುಡುಗೋಲಿನಿಂದ ಓರೆಯಾಗಿ ಕೊಯ್ದು ಉಳಿದ ಮೋಟು ಒಣಗಿದರೆ ಮೊಳೆಯಂತೆ ನಿಂತಿರುತ್ತದೆ, ತೆಳು ಚಪ್ಪಲಿಯನ್ನೂ ತೂರುತ್ತದೆ. ಗುಡ್ಡಕ್ಕೆ ಹತ್ತಿರವೆಂದು ಕೊಯ್ದ ಹೊಲದ ನಡುವೆ ಹಾಯಬೇಡಿ. ಬದುವಿನ ಮೇಲಿನ ಕಾಲುದಾರಿಯಲ್ಲೇ ಹೋಗಿ. ಅದು ರೈತನಿಗೂ ಒಳ್ಳೆಯದು.

ಜಂಬಿಟ್ಟಿಗೆ. ಬೀದರಿನ ಕೆಂಪು ಕಲ್ಲು, ಚಿಂಚೋಳಿಯ ಎತ್ತರದ ಬಯಲುಗಳಲ್ಲೂ ಇದೆ. ಕಬ್ಬಿಣದ ಅಂಶ ತುಂಬಿದ, ತೂತು ತೂತಾದ ಕಲ್ಲು. ನೆಲದೊಳಗೆ ಇರುವಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಬೀದರಿನ ಸುರಂಗ ಬಾವಿಗಳನ್ನು ಕೊರೆದದ್ದು ಇದರಲ್ಲೇ. ಹಾಸುಬಂಡೆಯಾಗಿದ್ದರೆ ಒರಟು ಮೇಲ್ಮೈಯಿಂದ ಕಾಲಿಗೆ ಒಳ್ಳೆಯ ಹಿಡಿತ ಕೊಡುತ್ತದೆ. ತೊಂದರೆ ಇರುವುದು ಅದರಿಂದ ಬಿಡಿಬಿಡಿಯಾಗಿ ಉದುರಿದ ಗುಂಡು ಹರಳಿನಲ್ಲಿ. ಗಟ್ಟಿ ನೆಲದ ಮೇಲೆ ಬಟಾಣಿ ಚೆಲ್ಲಿದ ಹಾಗೆ ಇರುತ್ತದೆ. ಇಳಿಜಾರಿನಲ್ಲಿ ಕಾಲು ಹಾಗೇ ಉರುಳಿಸಿಕೊಂಡು ಹೋಗುತ್ತದೆ. ಹರಳು ಕಂಡ ಕಡೆ ದಾರಿಯ ಅಂಚಿನ ಹುಲ್ಲುಬುಡ ಹಿಡಿದು ನಡೆಯಿರಿ.

ಗ್ರಾನೈಟ್. ಯಾದಗಿರಿ, ಶಹಾಪುರ, ಸುರಪುರದ ಗುಡ್ಡಗಳು. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು, ನನ್ನ ಮಟ್ಟಿಗೆ ಬರಿಗಾಲಿಗೆ ಇದೇ ಅತ್ಯುತ್ತಮ. ಒಣಗಿದ ಬಂಡೆಯ ಮೇಲೆ ಬೆರಳು, ಅಂಗಾಲು, ಹಿಮ್ಮಡಿ ಮೂರೂ ಊರಿದರೆ ಬೂಟಿಗಿಂತ ಚೆನ್ನಾಗಿ ಅಂಟಿಕೊಂಡು ನಿಲ್ಲಬಹುದು. ಎರಡು ಎಚ್ಚರಿಕೆ ಇವೆ. ಬಿಸಿಲು ಮಳೆಗೆ ಈ ಬಂಡೆ ಈರುಳ್ಳಿಯಂತೆ ಪದರು ಪದರಾಗಿ ಏಳುತ್ತದೆ. ಎದ್ದ ಚಕ್ಕೆಯ ಮೇಲೆ ಕಾಲಿಟ್ಟರೆ ಟೊಳ್ಳು ಸದ್ದು ಬರುತ್ತದೆ, ಅಂಥದ್ದರ ಮೇಲೆ ಭಾರ ಬಿಡಬೇಡಿ. ಎರಡನೆಯದು, ಮಳೆನೀರು ಇಳಿದ ಕಪ್ಪು ಪಟ್ಟೆಗಳು. ಅವು ಒಣಗಿದ ಪಾಚಿ. ಇಬ್ಬನಿ ಬಿದ್ದಿದ್ದರೂ ಸಾಕು, ಎಣ್ಣೆ ಸವರಿದಂತೆ ಜಾರುತ್ತವೆ.

ಪರಸಿ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆಯ ಸುಣ್ಣಕಲ್ಲು. ಮನೆಯ ನೆಲಕ್ಕೆ ಹಾಸಿದಾಗ ನುಣುಪು, ಗಣಿಯ ಬಳಿ ಬಿದ್ದ ಚೂರುಗಳಾದರೆ ಕತ್ತಿಯ ಅಲಗು. ಗಣಿ ಪಕ್ಕದ ದಾರಿಯಲ್ಲಿ ಚಪ್ಪಲಿ ತೆಗೆಯಲೇಬೇಡಿ.

ಡಾಂಬರಿನ ರಸ್ತೆ ಬಗ್ಗೆ ಹೇಳುವುದೇನೂ ಇಲ್ಲ. ಚಪ್ಪಲಿ ಹಾಕಿಕೊಳ್ಳಿ.

4. ಕಾಲ ಮತ್ತು ಹೊತ್ತು

ನವೆಂಬರ್‌ನಿಂದ ಶಿವರಾತ್ರಿವರೆಗೆ. ಮಾರ್ಚಿನಿಂದ ಮೇವರೆಗೆ ಬೇಡವೇ ಬೇಡ. ನಮ್ಮ ಕಡೆ ಗಾಳಿಯ ಉಷ್ಣತೆಯೇ 42 ಡಿಗ್ರಿ ದಾಟುತ್ತದೆ, ಬಂಡೆ ಅದಕ್ಕಿಂತ ಎಷ್ಟೋ ಹೆಚ್ಚು ಕಾಯ್ದಿರುತ್ತದೆ. ಚಳಿಗಾಲದಲ್ಲೂ ಮಧ್ಯಾಹ್ನದ ಕರಿಕಲ್ಲು ಸುಡುತ್ತದೆ. ನಾನು ಪಾಲಿಸುವ ಲೆಕ್ಕ: ಅಂಗೈಯನ್ನು ಬಂಡೆಯ ಮೇಲೆ ಒತ್ತಿ ಹತ್ತು ಎಣಿಸುವುದು. ಹತ್ತಕ್ಕೆ ಮುಂಚೆ ಕೈ ತೆಗೆಯಬೇಕೆನಿಸಿದರೆ ಚಪ್ಪಲಿ ಹಾಕಿಕೊಳ್ಳುವುದು.

ತಂಪು ಸಿಗಲೆಂದು ಕತ್ತಲಲ್ಲೇ ಹತ್ತಲು ಶುರು ಮಾಡುವವರಿದ್ದಾರೆ. ಅದು ತಪ್ಪು. ಹಾವು, ಚೇಳು ಹೆಚ್ಚು ಓಡಾಡುವ ಹೊತ್ತು ಅದು. ನೆಲ ಸ್ಪಷ್ಟವಾಗಿ ಕಂಡ ಮೇಲೆ ಹೆಜ್ಜೆ ಹಾಕಿ, ಹತ್ತೂವರೆ ಹನ್ನೊಂದರ ಒಳಗೆ ಇಳಿದುಬಿಡಿ. ಮಳೆಗಾಲದಲ್ಲಿ ಚಿಂಚೋಳಿ ಕಡೆಯ ಎತ್ತಿಪೋತ ಜಲಪಾತ ತುಂಬಿ ಬೀಳುವುದು ನೋಡಲು ಚಂದ, ಆದರೆ ಆಗ ಕಲ್ಲೆಲ್ಲ ಪಾಚಿ. ಬೂಟು ಹಾಕಿಕೊಂಡೇ ಹೋಗಿ ನೋಡಿ ಬನ್ನಿ.

5. ಚೀಲದಲ್ಲಿ ಏನೇನು

ಎಲ್ಲಕ್ಕಿಂತ ಮೊದಲು ಚಪ್ಪಲಿ. ಬರಿಗಾಲಲ್ಲಿ ನಡೆಯುವವನ ಚೀಲದಲ್ಲಿ ಚಪ್ಪಲಿ ಇರಲೇಬೇಕು, ಅದೂ ಹಿಂಬದಿಗೆ ಪಟ್ಟಿ ಇರುವ, ಬಿಗಿಯಾಗಿ ಕೂರುವ ಸ್ಯಾಂಡಲ್ ಆಗಿರಲಿ. ಹವಾಯಿ ಚಪ್ಪಲಿ ಇಳಿಜಾರಿನಲ್ಲಿ ಬರಿಗಾಲಿಗಿಂತಲೂ ಅಪಾಯ. ಚಪ್ಪಲಿಯನ್ನು ಗುಡ್ಡದ ಬುಡದಲ್ಲಿ ಬಿಟ್ಟು ಹತ್ತುವುದು ನಾನು ಕಂಡ ತಪ್ಪುಗಳಲ್ಲೆಲ್ಲ ದೊಡ್ಡದು. ಮೇಲೆ ಕಾಲಿಗೆ ಗಾಯವಾದರೆ ಕೆಳಗೆ ಬರುವುದು ಹೇಗೆ?

ಉಳಿದಂತೆ ಮೊನಚು ತುದಿಯ ಚಿಮಟ, ಒಂದು ಸೂಜಿ, ಸಣ್ಣ ಭೂತಗನ್ನಡಿ, ಪೊವಿಡೋನ್ ಅಯೋಡಿನ್ ಮುಲಾಮು, ಹತ್ತಿ, ಪಟ್ಟಿ, ಅಂಟುಪಟ್ಟಿ. ಗಾಯ ತೊಳೆಯಲು ಅರ್ಧ ಲೀಟರ್ ನೀರು ಬೇರೆಯಾಗಿ, ಕುಡಿಯಲು ತಲೆಗೆ ಎರಡರಿಂದ ಮೂರು ಲೀಟರ್. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಕೆಡುವ ಚಿಂತೆ ಇಲ್ಲ. ಕೈಗೊಂದು ಕೋಲು.

6. ಹೆಜ್ಜೆ ಇಡುವ ರೀತಿ

ಬೂಟಿನಲ್ಲಿ ನಾವು ಉದ್ದ ಹೆಜ್ಜೆ ಹಾಕಿ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟುತ್ತೇವೆ. ಬರಿಗಾಲಲ್ಲಿ ಹೆಜ್ಜೆ ಗಿಡ್ಡವಾಗಬೇಕು, ಮೊಣಕಾಲು ತುಸು ಬಾಗಿರಬೇಕು, ಪಾದವನ್ನು ಮೇಲಿನಿಂದ ಕೆಳಗೆ ಮೆಲ್ಲಗೆ ಇಡಬೇಕು. ಇಟ್ಟ ತಕ್ಷಣ ಪೂರ್ತಿ ಭಾರ ಬಿಡಬೇಡಿ. ಮೊದಲು ಮುಟ್ಟಿ, ಚುಚ್ಚಲಿಲ್ಲವೆಂದು ಖಾತ್ರಿಯಾದ ಮೇಲೆ ಭಾರ. ಚುಚ್ಚಿದರೆ ಹಿಂದಿನ ಕಾಲಿಗೆ ಭಾರ ವಾಪಸ್ ತಂದುಕೊಳ್ಳಲು ಆಗಬೇಕು. ಇಡೀ ವಿದ್ಯೆ ಇರುವುದು ಈ ಅರೆ ಕ್ಷಣದಲ್ಲಿ. ಎಂಟು ವಾರದ ಅಭ್ಯಾಸದಲ್ಲಿ ಕಲಿಯಬೇಕಾದದ್ದೂ ಇದನ್ನೇ.

ಕಾಲನ್ನು ಎಳೆಯಬೇಡಿ, ಎತ್ತಿ ಇಡಿ. ಎಡವಿದ ಬೆರಳೇ ಮತ್ತೆ ಎಡವುತ್ತದೆ ಎನ್ನುತ್ತಾರಲ್ಲ, ಹೆಬ್ಬೆರಳಿನ ಉಗುರು ಒಮ್ಮೆ ಎದ್ದರೆ ಆ ವರ್ಷದ ನಡಿಗೆ ಮುಗಿದಂತೆ. ಕಣ್ಣು ಕಾಲಬುಡದಲ್ಲಿ ಬೇಡ, ನಾಲ್ಕೈದು ಹೆಜ್ಜೆ ಮುಂದಿರಲಿ. ಸುತ್ತಲಿನ ನೋಟ ನೋಡಬೇಕೆನಿಸಿದರೆ ನಿಂತು ನೋಡಿ. ಮಾತಾಡುತ್ತಾ, ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾ ನಡೆಯುವುದಾದರೆ ಚಪ್ಪಲಿ ಹಾಕಿಕೊಂಡು ನಡೆಯಿರಿ.

7. ಗಾಜು, ಮುಳ್ಳು, ಹಾವು

ಗಾಜನ್ನು ಮೊದಲು ಹೇಳಲು ಕಾರಣವಿದೆ. ಕೋಟೆ, ಜಲಪಾತ, ಕೆರೆ ಏರಿ, ಎಲ್ಲೆಲ್ಲಿ ವಾಹನ ಹೋಗುತ್ತದೋ ಅಲ್ಲೆಲ್ಲ ಒಡೆದ ಬಾಟಲಿ ಇರುತ್ತದೆ. ಮುಳ್ಳನ್ನು ನಾವು ಅರೆಮನಸ್ಸಿನಲ್ಲಾದರೂ ಹುಡುಕುತ್ತೇವೆ, ಧೂಳು ಮುಚ್ಚಿದ ಗಾಜು ಕಾಣುವುದಿಲ್ಲ. ವಾಹನ ನಿಲ್ಲಿಸಿದ ಜಾಗದಿಂದ ಮುನ್ನೂರು ನಾನೂರು ಹೆಜ್ಜೆವರೆಗೆ ಚಪ್ಪಲಿ ಇರಲಿ. ಊರ ಅಂಚಿನಲ್ಲಿ ಜನ ಬಯಲಿಗೆ ಹೋಗುವ ಜಾಗಗಳಲ್ಲೂ ಹಾಗೆಯೇ. ಅಂಥ ಹಸಿ ಮಣ್ಣಿನಲ್ಲಿರುವ ಕೊಕ್ಕೆಹುಳುವಿನ ಮರಿಗಳು ಅಂಗಾಲಿನ ಚರ್ಮ ಕೊರೆದು ಒಳಹೊಕ್ಕು, ಕೊನೆಗೆ ಕರುಳು ಸೇರಿ ರಕ್ತ ಹೀರುತ್ತವೆ. ಪಾದದಲ್ಲಿ ಕಾರಣವಿಲ್ಲದ ತುರಿಕೆ, ಆಮೇಲೆ ವಾರಗಟ್ಟಲೆ ಸುಸ್ತು ಕಂಡರೆ ವೈದ್ಯರಿಗೆ ಬರಿಗಾಲಲ್ಲಿ ನಡೆದದ್ದನ್ನು ಹೇಳಿ.

ಮುಳ್ಳಿನಲ್ಲಿ ಎರಡನ್ನು ಗುರುತಿಟ್ಟುಕೊಳ್ಳಿ. ನೆಗ್ಗಿಲು ಮುಳ್ಳು ನೆಲಕ್ಕೆ ಹಬ್ಬುವ ಹಳದಿ ಹೂವಿನ ಬಳ್ಳಿಯದು. ಮಳೆ ನಿಂತ ಮೇಲೆ ಕಾಯಿ ಒಣಗಿ ಉದುರುತ್ತದೆ, ಹೇಗೆ ಬಿದ್ದರೂ ಒಂದು ಮೊನೆ ಮೇಲೆಯೇ ಇರುತ್ತದೆ. ಚುಚ್ಚಿದರೆ ಕಿತ್ತೆಸೆದು ಮುಂದೆ ಹೋಗಬಹುದು. ಬಳ್ಳಾರಿ ಜಾಲಿ ಹಾಗಲ್ಲ. ಉದ್ದ ಮುಳ್ಳು ಆಳಕ್ಕೆ ಹೋಗಿ ತುದಿ ಒಳಗೇ ಮುರಿಯುತ್ತದೆ. ಕಡಿದು ದಾರಿ ಬದಿ ಒಟ್ಟಿದ ಜಾಲಿಯ ಹತ್ತಿರ ಸುಳಿಯಬೇಡಿ.

ಮುಳ್ಳು ಮುರಿದರೆ ಕೂತು, ಜಾಗ ತೊಳೆದು, ಹೊಕ್ಕ ದಿಕ್ಕಿನಲ್ಲೇ ಚಿಮಟದಿಂದ ನೇರ ಎಳೆಯಿರಿ. ಸುತ್ತ ಅಗೆಯಬೇಡಿ, ಹಿಂಡಬೇಡಿ, ಎಕ್ಕದ ಹಾಲು ಹಾಕಬೇಡಿ. ಬರದಿದ್ದರೆ ಹಾಗೇ ಪಟ್ಟಿ ಕಟ್ಟಿ ಚಪ್ಪಲಿ ಹಾಕಿ ಇಳಿದು ಆಸ್ಪತ್ರೆಗೆ ಹೋಗಿ. ಮೂರು ದಿನವಾದರೂ ಊತ ಇಳಿಯದಿದ್ದರೆ ಚೂರು ಒಳಗಿದೆ ಎಂದೇ ತಿಳಿಯಿರಿ. ಕಟ್ಟಿಗೆಯ ಚೂರು ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅಲ್ಟ್ರಾಸೌಂಡ್ ಬೇಕಾಗುತ್ತದೆ. ಕೀಲಿನ ಹತ್ತಿರ ಚುಚ್ಚಿದ್ದರೆ ಮೂರು ದಿನವೂ ಕಾಯಬೇಡಿ.

ಹಾವಿನಲ್ಲಿ ನಾಗರ, ಕೊಳಕುಮಂಡಲ, ಕಟ್ಟುಹಾವುಗಳ ಜೊತೆ, ಒಣ ಕಲ್ಲುನೆಲದಲ್ಲಿ ಅಂಗೈ ಅಗಲದ ಕಲ್ಲಿನಡಿಯೂ ಸುರುಳಿ ಸುತ್ತಿ ಕೂರುವ ಸಣ್ಣ ಗರಗಸ ಮಂಡಲವೂ ಇದೆ. ಬಂಡೆಸಂದಿಗೆ ಕಾಲು ತೂರಿಸಬೇಡಿ, ದಿಮ್ಮಿ ದಾಟುವಾಗ ಆಚೆ ಬದಿ ನೋಡದೆ ಕಾಲಿಡಬೇಡಿ, ಮೊಣಕಾಲೆತ್ತರದ ಹುಲ್ಲಿದ್ದರೆ ಬೂಟು ಹಾಕಿಕೊಳ್ಳಿ. ಕಚ್ಚಿದರೆ ಹಗ್ಗ ಕಟ್ಟಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು. ಕಚ್ಚಿದವರನ್ನು ನಡೆಸಬೇಡಿ. ಕಾಲು ಅಲುಗದಂತೆ ಕೋಲಿಗೆ ಕಟ್ಟಿ, ಹೊತ್ತುಕೊಂಡು ಇಳಿಸಿ, 108ಕ್ಕೆ ಕರೆ ಮಾಡಿ. ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷ ಔಷಧ ಇದೆ, ಆದ್ದರಿಂದ ಹಾವನ್ನು ಹಿಡಿದು ತರುವ ಸಾಹಸ ಬೇಡ. ಮಂತ್ರಕ್ಕೆ, ನಾಟಿ ಔಷಧಕ್ಕೆ ಅರ್ಧ ಗಂಟೆಯನ್ನೂ ಕೊಡಬೇಡಿ.

8. ಮೊದಲ ಗುಡ್ಡ ಯಾವುದು

ನನ್ನ ಆಯ್ಕೆ ಯಾದಗಿರಿ ಕೋಟೆ ಗುಡ್ಡ. ಕಲಬುರಗಿಯಿಂದ ರೈಲಿದೆ, ಗುಡ್ಡ ಊರಿನಲ್ಲೇ ಇದೆ, ಕಲ್ಲು ಗ್ರಾನೈಟ್, ಏನಾದರೂ ಆದರೆ ಆಸ್ಪತ್ರೆ ಹತ್ತಿರ. ಕೆಳಗಿನ ಭಾಗಕ್ಕೆ ಚಪ್ಪಲಿ, ಮೇಲಿನ ಬಂಡೆಗೆ ಬರಿಗಾಲು. ಬೀದರಿನವರಿಗೆ ಹೊನ್ನಿಕೇರಿ ಕಾಡಿನ ಕೆಂಪು ದಾರಿಗಳು ಆದಾವು, ಏರು ಕಡಿಮೆ, ಹರಳಿಗೆ ಕಾಲು ಒಗ್ಗುತ್ತದೆ. ಶಹಾಪುರದ ಮಲಗಿದ ಬುದ್ಧನ ಗುಡ್ಡಸಾಲು ದೂರದಿಂದ ಎಷ್ಟು ಶಾಂತವಾಗಿ ಕಾಣುತ್ತದೋ ಹತ್ತಲು ಅಷ್ಟೇ ಕಷ್ಟ. ದೊಡ್ಡ ಬಂಡೆಗಳ ನಡುವೆ ಜಾಲಿಯೂ ಇದೆ. ಅದು ಎರಡನೇ ವರ್ಷಕ್ಕಿರಲಿ.

ಚಿಂಚೋಳಿಯ ಬಗ್ಗೆ ಒಂದು ಮಾತು. ಅದು 2011ರಲ್ಲಿ ಘೋಷಿತವಾದ ವನ್ಯಜೀವಿ ಧಾಮ, ಸುಮಾರು 134 ಚದರ ಕಿಲೋಮೀಟರ್. ಕತ್ತೆಕಿರುಬ, ತೋಳ ಇರುವ ಕಾಡು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ. ಚಂದ್ರಂಪಳ್ಳಿ ಜಲಾಶಯದ ಸುತ್ತಿನ, ಗೊಟ್ಟಂಗೊಟ್ಟದ ದಾರಿಗಳಲ್ಲಿ ತರಗೆಲೆ ದಪ್ಪ ಬಿದ್ದಿರುತ್ತದೆ, ಕೆಳಗೆ ಏನಿದೆ ಎಂಬುದು ಕಾಲಿಗೂ ಕಣ್ಣಿಗೂ ಗೊತ್ತಾಗುವುದಿಲ್ಲ. ಅಲ್ಲಿ ನಾನೂ ಬೂಟು ಹಾಕಿಯೇ ನಡೆಯುತ್ತೇನೆ.

ಎಲ್ಲಿಗೆ ಹೋದರೂ ಒಬ್ಬರೇ ಹೋಗಬೇಡಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಮನೆಯಲ್ಲಿ ಹೇಳಿ ಹೋಗಿ.

9. ಮನೆಗೆ ಬಂದ ಮೇಲೆ

ಉಗುರುಬೆಚ್ಚಗಿನ ನೀರು, ಸಾಬೂನಿನಿಂದ ಕಾಲು ತೊಳೆದು, ಬೆರಳ ಸಂದಿಯನ್ನೂ ಒರೆಸಿ. ಆಮೇಲೆ ಬೆಳಕಿನಲ್ಲಿ ಕೂತು ಅಂಗಾಲನ್ನು ಬೆರಳಿನಿಂದ ಅಂಗುಲ ಅಂಗುಲವಾಗಿ ಒತ್ತಿ ನೋಡಿ. ಕಾಣದ ಸಣ್ಣ ಮುಳ್ಳು ಒತ್ತಿದಾಗ ಮಿಡುಕುತ್ತದೆ. ಕಣ್ಣು ಮಂಜಾದವರು ಮನೆಯವರಿಂದ ನೋಡಿಸಿಕೊಳ್ಳಿ. ಗುಳ್ಳೆ ಎದ್ದಿದ್ದರೆ ಒಡೆಯಬೇಡಿ, ಸುತ್ತ ಪಟ್ಟಿ ಹಾಕಿ ಬಿಡಿ. ಎರಡು ದಿನ ಮಾಮೂಲಿ ಚಪ್ಪಲಿಯಲ್ಲಿ ಓಡಾಡಿ. ಬುಧವಾರ ಬೆಳಿಗ್ಗೆ ಮೊದಲ ಹೆಜ್ಜೆ ನೋಯಲಿಲ್ಲವೆಂದರೆ ಮುಂದಿನ ಭಾನುವಾರಕ್ಕೆ ರೈಲು ನೋಡಬಹುದು.